ಜಾಲಿ ಮುಳ್ಳು, ಎರೆ ಮಣ್ಣು ಮತ್ತು ನನ್ನ ಸೈಕಲ್ಲು

ಸೈಕಲ್ ಕೊಳ್ಳುವಾಗ ನಾನು ನೋಡಿದ್ದು ಮೂರೇ. ಬಣ್ಣ, ಮುಂದಿನ ಶಾಕ್ ಅಬ್ಸಾರ್ಬರ್, ಹಲ್ಲುಹಲ್ಲಿನ ದಪ್ಪ ಟೈರು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಲೈಟೂ ಇಲ್ಲ. ವಿಜಯಪುರದ ಗಾಂಧಿ ಚೌಕದ ಹತ್ತಿರ ನನ್ನ ಮನೆ, ಅಥಣಿ ರಸ್ತೆಯಲ್ಲಿ ತೊರವಿ ಕಡೆ ಕೆಲಸ. ದಾರಿಯಲ್ಲಿ ಒಂದು ಗುಡ್ಡ ಇಲ್ಲ, ನಾನು ತಂದಿದ್ದು ಗುಡ್ಡ ಹತ್ತೋ ಸೈಕಲ್ಲು!

ಮೊದಲು ಕಾಡಿದ್ದು ಊಟದ ಡಬ್ಬಿ. ಬೆನ್ನಿಗೆ ಬ್ಯಾಗ್ ಹಾಕಿಕೊಂಡರೆ ಏಪ್ರಿಲ್‌ನಲ್ಲಿ ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು. ಅದರ ಮೇಲೆ ಎಣ್ಣೆಗಾಯಿಯ ಎಣ್ಣೆ ಬೇರೆ. ಸೀಟಿನ ಕಂಬಕ್ಕೆ ಬಿಗಿಯುವ ಕ್ಯಾರಿಯರ್ ಕೊಂಡೆ, ಹಾಕೋಕೆ ಸುಲಭ ಅಂತ. ವಾರದಲ್ಲೇ ಅದು ಎಡಕ್ಕೆ ತಿರುಗಿತು, ರೊಟ್ಟಿ ಶೇಂಗಾ ಚಟ್ನಿ ಎಲ್ಲ ರಸ್ತೆ ಪಾಲು. ಈಗ ಇರುವ ಕ್ಯಾರಿಯರ್‌ಗೆ ಎರಡೂ ಪಕ್ಕ ಕಾಲಿದೆ. ಕೆಳಗೆ ಹಿಂದಿನ ಆಕ್ಸಲ್ ಹತ್ತಿರ ಬೋಲ್ಟ್ ಆಗುತ್ತೆ, ಭಾರ ಅಲ್ಲಿಗೇ ಇಳಿಯುತ್ತೆ. ಡಬ್ಬಿಯ ಜೊತೆ ಸಂತೆ ಚೀಲ ಹೇರಿದರೂ ಅಲುಗಲ್ಲ. ಆದರೆ ಭಾರ ಹೇರಿದ ಮೇಲೆ ಒಂಟಿ ಕಾಲಿನ ಸ್ಟ್ಯಾಂಡ್ ನಿಲ್ಲಲಿಲ್ಲ, ಜೋಡಿ ಕಾಲಿನದು ಹಾಕಿಸಬೇಕಾಯಿತು.

ಡಾಂಬರಿನ ಮೇಲೆ ಹಲ್ಲಿನ ಟೈರು ಬರೀ ಸದ್ದು, ಬರೀ ದಣಿವು. ನುಣುಪು ಟೈರ್ ಹಾಕೋಣ ಅಂತ 26 ಇಂಚು ಅಂತ ನೋಡಿ ಒಂದು ತಂದುಬಿಟ್ಟೆ. ರಿಪೇರಿ ಅಂಗಡಿಯ ಕಾಕಾ ರಿಮ್ಮಿಗೆ ಏರಿಸಿದರೆ ಸಣ್ಣ ಕೈಗೆ ದೊಡ್ಡ ಬಳೆ ತೊಡಿಸಿದ ಹಾಗಿತ್ತು. "ಸರ, ಪಾಯಿಂಟಿನ ಟೈರ್ ಬ್ಯಾರೆ, ಬೈ ಇರೋದು ಬ್ಯಾರೆರಿ. ನಂಬರ್ ಓದಬೇಕಿಲ್ಲೋ?" ಅಂದರು. ನನ್ನ ರಿಮ್ಮಿಗೆ ಬೇಕಿದ್ದದ್ದು ಪಾಯಿಂಟಿನ 26 x 1.75. ನಾನು ತಂದಿದ್ದು ಮೂರು ಬೈ ಎಂಟು ಇರುವ 26 x 1 3/8. ಎರಡಕ್ಕೂ ಹೆಸರು 26, ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ ಮಾತ್ರ ಬೇರೆ. ಮೊದಲನೆಯದು 559 ಮಿಲಿಮೀಟರ್, ಎರಡನೆಯದು 590. ಟೈರ್ ಪಕ್ಕದಲ್ಲಿ 47-559 ಅಂತ ಸಣ್ಣಗೆ ಬರೆದಿರುತ್ತೆ. 47 ಅಗಲ, 559 ರಿಮ್ಮಿನ ಅಳತೆ. ಈಗ ನಾನು ಇಂಚಿನ ಕಡೆ ನೋಡೋದೇ ಇಲ್ಲ.

ಜಾಲಿ ಮುಳ್ಳಿಗೆ ಮಾತ್ರ ಯಾವ ಟೈರೂ ಲೆಕ್ಕಕ್ಕಿಲ್ಲ. ಒಂದೇ ವಾರದಲ್ಲಿ ಒಂದೇ ಜಾಗದಲ್ಲಿ ಮೂರು ಪಂಚರ್ ಆಯಿತು. ಟ್ಯೂಬಿನದೇ ತಪ್ಪು ಅಂದುಕೊಂಡಿದ್ದೆ. ಕಾಕಾ ಸ್ವಲ್ಪ ಹತ್ತಿ ತಗೊಂಡು ಟೈರಿನ ಒಳಗೆ ಸುತ್ತಲೂ ಸವರಿದರು. ಒಂದು ಕಡೆ ಹತ್ತಿಯ ಎಳೆ ಸಿಕ್ಕಿಕೊಂಡಿತು. ಅಲ್ಲಿ ಸಾಸಿವೆಯಷ್ಟೂ ಇಲ್ಲದ ಮುಳ್ಳಿನ ತುದಿ ಮುರಿದು ಕೂತಿತ್ತು. ಬೆರಳಿಗೆ ಸಿಗೋದೇ ಇಲ್ಲ, ಸಿಕ್ಕರೆ ಚುಚ್ಚಿಯೇ ಸಿಗಬೇಕು. ಚಿಮಟಿಗೆಯಿಂದ ಕಿತ್ತು, ಹಳೇ ಟ್ಯೂಬ್ ಸೀಳಿ ಟೈರಿಗೂ ಟ್ಯೂಬಿಗೂ ನಡುವೆ ಪಟ್ಟಿ ಹಾಗೆ ಹಾಸಿಕೊಟ್ಟರು. ಚಕ್ರ ಸ್ವಲ್ಪ ಭಾರವಾಯಿತು, ನಿಜ. ಪಂಚರ್ ಕಡಿಮೆಯಾಯಿತು, ಅಷ್ಟು ಸಾಕು. ಚೀಲದಲ್ಲಿ ಈಗ ಪಂಪು, ಸೊಲ್ಯೂಷನ್, ತೇಪೆ, ಜೊತೆಗೆ ಒಂದು ಉಂಡೆ ಹತ್ತಿ.

ಜೂನ್ ಬಂದರೆ ಪಡುವಣ ಗಾಳಿ. ಬೆಳಗ್ಗೆ ತೊರವಿಗೆ ಹೋಗುವಾಗ ಸೀದಾ ಎದೆಗೇ ಬಡಿಯುತ್ತೆ. ನನ್ನದು ಗೇರ್ ಇಲ್ಲದ ಸೈಕಲ್ಲು. ಚೈನ್ ಸುತ್ತುವ ಚಕ್ರಗಳಲ್ಲಿ ಮುಂದಿನದಕ್ಕೆ 44 ಹಲ್ಲು, ಹಿಂದಿನದಕ್ಕೆ, ಅಂದರೆ ಫ್ರೀವೀಲಿಗೆ, 18. ಗೇರ್ ಸೈಕಲ್ಲೇ ಕೊಳ್ಳೋಣ ಅಂತ ಹೊರಟಿದ್ದವನು ಕೊನೆಗೆ ಹಿಂದಿನ ಫ್ರೀವೀಲ್ ಮಾತ್ರ 20 ಹಲ್ಲಿನದು ಹಾಕಿಸಿದೆ. ಕಾಕಾ ಸೈಕಲ್ಲಿನ ಹಿಂದಿನ ಚಕ್ರ ಒಂಚೂರು ಮುಂದೆ ಸರಿಸಿದರು, ಹಳೇ ಚೈನೇ ಸಾಕಾಯಿತು. ಪೆಡಲ್ ಹತ್ತರಲ್ಲಿ ಒಂದು ಪಾಲು ಹಗುರಾಯಿತು. ವೇಗ ತುಸು ಕಮ್ಮಿ, ಯಾರ ಜೊತೆ ರೇಸು ನನಗೆ?

ಮಡ್‌ಗಾರ್ಡ್ ಹಾಕುವಾಗ ಚಂದ ಕಾಣಲಿ ಅಂತ ಟೈರಿಗೆ ಅಂಟಿಸಿದ ಹಾಗೆ ಕೂರಿಸಬೇಡಿ. ನಮ್ಮ ಎರೆ ಮಣ್ಣು ಮೊದಲ ಮಳೆಗೆ ಒಳಗೆ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತೆ. ಒಮ್ಮೆ ಅರ್ಧ ಕಿಲೋಮೀಟರ್ ಸೈಕಲ್ಲನ್ನು ನಾನೇ ಹೊತ್ತಿದ್ದೇನೆ. ಈಗ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಬಿಡಿಸಿದ್ದೇನೆ. ಹಿಂದಿನ ಕೆಂಪು ಲೈಟು ಕ್ಯಾರಿಯರ್ ತುದಿಗೆ ಇರಲಿ. ಸೀಟಿನ ಕೆಳಗೆ ಹಾಕಿದರೆ ಚೀಲ ಮರೆ ಮಾಡುತ್ತೆ, ಹಿಂದಿನಿಂದ ಬರುವ ಕಬ್ಬಿನ ಟ್ರ್ಯಾಕ್ಟರಿಗೆ ಕಾಣೋದಿಲ್ಲ. ಬೆಲ್ಲು, ಬೀಗ ಯಾವುದಾದರೂ ನಡೆಯುತ್ತೆ.

ಧೂಳಿನ ಊರಲ್ಲಿ ಚೈನಿಗೆ ಎಣ್ಣೆ ಸುರಿಯೋದು ಮಣ್ಣು ಕಲಸಿದ ಹಾಗೆ. ನಾನು ಬಟ್ಟೆಯಿಂದ ಒರೆಸಿ, ಹೊಲಿಗೆ ಮಷೀನಿನ ಎಣ್ಣೆ ಹನಿ ಹನಿ ಬಿಟ್ಟು, ಮತ್ತೆ ಒರೆಸುತ್ತೇನೆ. ಸವೆದಿದೆಯಾ ನೋಡಲು ಫೂಟ್‌ಪಟ್ಟಿ ಸಾಕು. ಒಂದು ಪಿನ್ನಿನ ನಡುವಿನಿಂದ ಎಣಿಸಿದರೆ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಒಂದೂವರೆ ಮಿಲಿಮೀಟರ್ ಜಾಸ್ತಿ ಬಂದರೆ ಚೈನ್ ಬದಲಿಸುವುದು, ಇಲ್ಲದಿದ್ದರೆ ಫ್ರೀವೀಲಿನ ಹಲ್ಲೂ ಹಾಳು. ಮಗಳ ಫೂಟ್‌ಪಟ್ಟಿಗೆ ಮಸಿ ಹತ್ತಿಸಿ ಬೈಸಿಕೊಂಡ ಮೇಲೆ ಸ್ಟೀಲಿನದೊಂದು ನನ್ನದೇ ಅಂತ ತಂದಿಟ್ಟುಕೊಂಡಿದ್ದೇನೆ.