ಹೋವರ್ ಟ್ಯಾಂಕ್ ಡಿಸೈನ್ ಮಾಡೋದು ಹೇಗೆ? ಮೊದಲು ನೆಲ ನೋಡಿ, ತೋಪು ಆಮೇಲೆ

ಸೈ-ಫೈ ಕಥೆ ಬರೆಯೋರು, ಗೇಮ್ ಮಾಡೋರು, ಕಾಮಿಕ್ಸ್ ಬಿಡಿಸೋರು, ಹೋವರ್ ಟ್ಯಾಂಕ್ (ನೆಲ ಮುಟ್ಟದೆ ತೇಲ್ಕೊಂಡು ಹೋಗೋ ಟ್ಯಾಂಕ್) ಬೇಕು ಅಂದ ತಕ್ಷಣ ಬಹಳ ಜನ ಮಾಡೋದು ಒಂದೇ ಕೆಲಸ, ಮಾಮೂಲಿ ಟ್ಯಾಂಕ್‌ನ ಚೈನ್ ಬಿಚ್ಚಿ ಕೆಳಗೊಂದು ನೀಲಿ ಲೈಟ್ ಹಾಕಿಬಿಡೋದು. ನೋಡೋಕೆ ಚೆನ್ನಾಗೇ ಇರತ್ತೆ. ಆದ್ರೆ ಕಥೆ ಒಳಗೆ ಹೋದ್ಮೇಲೆ ಅದಕ್ಕೆ ಮಾಡೋಕೆ ಕೆಲಸಾನೇ ಇರಲ್ಲ, ಯಾಕಂದ್ರೆ ಅದಕ್ಕೆ ಏನು ಕಷ್ಟ, ಎಲ್ಲಿ ಸಿಕ್ಕಿಹಾಕ್ಕೊಳತ್ತೆ ಅಂತ ಯಾರೂ ಯೋಚನೆ ಮಾಡಿರಲ್ಲ. ಹೋವರ್ ಟ್ಯಾಂಕ್‌ನ ಸ್ವಾರಸ್ಯ ಇರೋದೇ ಆ ಕಷ್ಟಗಳಲ್ಲಿ, ಅದಕ್ಕೇ ಇಲ್ಲಿ ಲೆಕ್ಕ ಹಾಕ್ಕೊಂಡೇ ಒಂದು ಟ್ಯಾಂಕ್ ಕಟ್ಟೋಣ, ಕ್ಯಾಲ್ಕುಲೇಟರ್ ಒಂದಿದ್ರೆ ಸಾಕು.

ಮೊದಲ ಹೆಜ್ಜೆ: ಯಾವ ನೆಲ? ಚೈನ್ ಇರೋ ಟ್ಯಾಂಕ್ ಹೂತು ಹೋಗೋ ಜಾಗ ಇಲ್ಲದಿದ್ರೆ ಹೋವರ್ ಟ್ಯಾಂಕ್ ಯಾರಿಗೂ ಬೇಕಾಗಲ್ಲ. ನಾನು ತಗೊಳ್ಳೋದು ಗುಜರಾತ್‌ನ ಕಛ್ ರಣ್, ಕಥೆಯ ಕಾಲ ಇನ್ನೊಂದು ಇನ್ನೂರು ವರ್ಷ ಮುಂದೆ ಅಂತಿಟ್ಕೊಳ್ಳಿ. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲತ್ತೆ, ಆಮೇಲೆ ಒಣಗಿ ಮೇಲೆ ಬಿಳಿ ಉಪ್ಪಿನ ಪದರ ಕಟ್ಟತ್ತೆ, ಅದರ ಕೆಳಗೆ ಬಹಳ ಕಡೆ ಇನ್ನೂ ಹಸಿ ಕೆಸರು. ನಡುನಡುವೆ ಬೇಟ್ ಅಂತ ಕರೆಯೋ ಎತ್ತರದ ದಿಬ್ಬಗಳಿವೆ, ಹರಪ್ಪ ಕಾಲದ ಧೋಲಾವೀರ ಇರೋದೂ ಅಂಥದ್ದೇ ಒಂದು ದಿಬ್ಬದ ಮೇಲೆ, ಖದೀರ್ ಬೇಟ್ ಅಂತ ಅದರ ಹೆಸರು. 1965ರ ಏಪ್ರಿಲ್‌ನಲ್ಲಿ ಭಾರತ ಪಾಕಿಸ್ತಾನ ಸೇನೆಗಳು ಇದೇ ರಣ್‌ನಲ್ಲಿ ಕಾದಾಡಿದ್ವು, ಹಾಗಾಗಿ ಇಲ್ಲಿ ಯುದ್ಧದ ಕಥೆ ಕಟ್ಟೋದು ಬಲವಂತದ ಕಲ್ಪನೆ ಅನ್ನಿಸಲ್ಲ. ಚಪ್ಪಟೆ, ಒದ್ದೆ, ಮರ ಇಲ್ಲ, ಕಲ್ಲು ಕಡಿಮೆ. ಇದು ಹೋವರ್‌ಗೆ ಹೇಳಿ ಮಾಡಿಸಿದ ನೆಲ. ಮಲೆನಾಡಿನ ಕಾಡಲ್ಲೋ ಊರ ಗಲ್ಲಿಯಲ್ಲೋ ಓಡಿಸಬೇಕು ಅಂತಿದ್ರೆ ಈಗಲೇ ಐಡಿಯಾ ಬಿಟ್ಬಿಡಿ, ಅಲ್ಲಿ ಚೈನೇ ಸರಿ.

ಎರಡನೇದು, ಹೇಗೆ ತೇಲತ್ತೆ ಅನ್ನೋದು. ಆಂಟಿಗ್ರಾವಿಟಿ ಅಂತ ಒಂದು ಮಾತಲ್ಲಿ ಮುಗಿಸಬಹುದು, ತಪ್ಪೇನಿಲ್ಲ, ಆದ್ರೆ ಮುಂದಿನ ಕ್ಷಣದಲ್ಲೇ ಓದುಗರು ಕೇಳ್ತಾರೆ, ಹಾಗಿದ್ರೆ ಇದು ಹಾರಲ್ಲ ಯಾಕೆ? ಎರಡು ಅಡಿ ಮೇಲಕ್ಕೆ ಏಳೋದು ಇನ್ನೂರು ಅಡಿ ಯಾಕೆ ಏಳಬಾರದು? ಇದಕ್ಕೆ ಉತ್ತರ ಇಲ್ಲದೆ ಮುಂದೆ ಹೋಗಬೇಡಿ. ಗಾಳಿ ಮೆತ್ತೆ ಮೇಲೆ, ಅಂದ್ರೆ ಏರ್ ಕುಶನ್ ಮೇಲೆ ತೇಲಿಸಿದ್ರೆ ಆ ಉತ್ತರ ತಾನಾಗೇ ಸಿಗತ್ತೆ, ನೆಲ ದೂರ ಆದಂಗೆ ಗಾಳಿ ಸೋರಿ ಹೋಗತ್ತೆ. ನಿಜವಾದ ಹೋವರ್‌ಕ್ರಾಫ್ಟ್ ಇದನ್ನೇ ಮಾಡೋದು. ಬ್ರಿಟನ್‌ನ ಕ್ರಿಸ್ಟೋಫರ್ ಕಾಕರೆಲ್ 1955ರಲ್ಲಿ ಬೆಕ್ಕಿನ ಆಹಾರದ ಡಬ್ಬಿಯನ್ನ ಕಾಫಿ ಡಬ್ಬಿ ಒಳಗಿಟ್ಟು ಗಾಳಿ ಊದಿ ನೋಡಿದ ಪ್ರಯೋಗದಿಂದ ಹೊರಟ ದಾರಿ, 1959ರ ಜುಲೈ 25ಕ್ಕೆ ಎಸ್‌ಆರ್‌ಎನ್-1 ಅನ್ನೋ ಹೋವರ್‌ಕ್ರಾಫ್ಟ್ ಇಂಗ್ಲಿಷ್ ಕಾಲುವೆ ದಾಟೋದರವರೆಗೆ ಬಂತು. ಇವತ್ತು ಅಮೆರಿಕ ನೌಕಾಪಡೆಯ ಎಲ್‌ಸಿಎಸಿ ಹೋವರ್‌ಕ್ರಾಫ್ಟ್ ಒಂದು ಅಬ್ರಾಮ್ಸ್ ಟ್ಯಾಂಕನ್ನೇ ಬೆನ್ನ ಮೇಲೆ ಹೊತ್ಕೊಂಡು ದಡಕ್ಕೆ ಬರತ್ತೆ.

ಈಗ ನಿಜವಾದ ಕೆಲಸ, ತೂಕ. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ನಮ್ಮ ಟ್ಯಾಂಕ್ 7 ಮೀಟರ್ ಉದ್ದ, 3.5 ಮೀಟರ್ ಅಗಲ, ಅಂದ್ರೆ ಕೆಳಗೆ 24.5 ಚದರ ಮೀಟರ್. ತೂಕ 40 ಟನ್ ಇಟ್ರೆ ಮೆತ್ತೆಯ ಒತ್ತಡ ಸುಮಾರು 16,000 ಪ್ಯಾಸ್ಕಲ್. ಆ ಒತ್ತಡವನ್ನ 2ರಿಂದ ಗುಣಿಸಿ, ಗಾಳಿಯ ಸಾಂದ್ರತೆ 1.2ರಿಂದ ಭಾಗಿಸಿ, ವರ್ಗಮೂಲ ತೆಗೀರಿ. ಸೆಕೆಂಡಿಗೆ 163 ಮೀಟರ್ ಬರತ್ತೆ, ಅಂಚಿನ ಸಂದಿಯಿಂದ ಗಾಳಿ ಆ ವೇಗದಲ್ಲಿ ಹೊರಗೆ ನುಗ್ಗತ್ತೆ. ಸುತ್ತಳತೆ 21 ಮೀಟರ್, ಸಂದಿ ಬರೀ 5 ಸೆಂಟಿಮೀಟರ್ ಇದ್ರೂ, ಸೋರಿಕೆಗೆ 0.6 ಅಂತ ಗುಣಾಂಕ ಹಾಕಿ, ಫ್ಯಾನ್ ದಕ್ಷತೆ 70 ಪರ್ಸೆಂಟ್ ಹಿಡಿದ್ರೆ (ಸುತ್ತಳತೆ, ಸಂದಿ, ಗುಣಾಂಕ, ವೇಗ, ಒತ್ತಡ ಎಲ್ಲ ಗುಣಿಸಿ 0.7ರಿಂದ ಭಾಗಿಸಿ), ಬರೀ ತೇಲ್ಕೊಂಡು ನಿಂತಿರೋಕೇ 3,000 ಎಚ್‌ಪಿ ಮೇಲೆ ಬೇಕು. ಅಬ್ರಾಮ್ಸ್‌ನ ಇಂಜಿನ್ನೇ 1,500 ಎಚ್‌ಪಿ. ಚಿತ್ರದಲ್ಲಿ ತೋರಿಸೋ ಥರ ಅರ್ಧ ಮೀಟರ್ ಎತ್ತರಕ್ಕೆ ತೇಲಿಸಿದ್ರೆ ಇದರ ಹತ್ತು ಪಟ್ಟು.

ಆದ್ರೆ ತೂಕ 20 ಟನ್‌ಗೆ ಇಳಿಸಿ ನೋಡಿ. ಶಕ್ತಿ ಅರ್ಧ ಆಗಲ್ಲ, ಅದಕ್ಕಿಂತ ಹೆಚ್ಚು ಇಳಿಯತ್ತೆ, ಸುಮಾರು 1,100 ಎಚ್‌ಪಿಗೆ ಬರತ್ತೆ. ಈ ಒಂದು ಲೆಕ್ಕ ಇಡೀ ಡಿಸೈನ್‌ನ ತೀರ್ಮಾನ ಮಾಡತ್ತೆ. ಹೋವರ್ ಟ್ಯಾಂಕ್ ಅಂದ್ರೆ ದಪ್ಪ ರಕ್ಷಾಕವಚದ ದೈತ್ಯ ಅಲ್ಲ, ಹಗುರ ಟ್ಯಾಂಕ್. ಲಡಾಖ್‌ನಂಥ ಜಾಗಕ್ಕೆ ಅಂತ ಭಾರತ ಮಾಡಿರೋ ಜೋರಾವರ್ 25 ಟನ್, ನಮ್ಮದು ಅದಕ್ಕಿಂತಲೂ ಹಗುರ. ಹೊಡೆತ ತಿಂದು ನಿಲ್ಲೋ ಗಾಡಿ ಅಲ್ಲ ಇದು, ಹೊಡೆದು ಜಾಗ ಬದಲಿಸೋ ಗಾಡಿ, ಪಾತ್ರಗಳ ಸ್ವಭಾವವೂ ಅದಕ್ಕೆ ತಕ್ಕಂಗೆ ಇರಬೇಕು.

ಸಂದಿ 5 ಸೆಂಟಿಮೀಟರ್ ಆದ್ರೆ ಒಂದು ಕಲ್ಲು ಸಿಕ್ರೂ ಕಥೆ ಮುಗೀತಲ್ಲ ಅಂತ ಕೇಳಬಹುದು. ಅದಕ್ಕೇ ಸ್ಕರ್ಟ್ ಇರೋದು, ರಬ್ಬರ್ ಲೇಪಿಸಿದ ಗಟ್ಟಿ ನೈಲಾನ್ ಬಟ್ಟೆಯದ್ದು, ಸುತ್ತಲೂ 70 ಸೆಂಟಿಮೀಟರ್ ಇಳಿಬಿಡಿ, ಕಲ್ಲು ಬದು ಸಿಕ್ಕಾಗ ಮಡಚ್ಕೊಂಡು ಮತ್ತೆ ಬಿಚ್ಕೊಳತ್ತೆ. ಒಂದೇ ಉದ್ದದ ಬಟ್ಟೆ ಬೇಡ, ಬೆರಳಿನ ಥರ ಬೇರೆಬೇರೆ ತುಂಡುಗಳಿರಲಿ, ಗುಂಡಿಗೆ ಎರಡು ತುಂಡು ಹರಿದ್ರೂ ಗಾಡಿ ಕೂರಲ್ಲ. ಎಷ್ಟು ಹರಿದ್ರೆ ಕೂರತ್ತೆ ಅನ್ನೋದನ್ನ ನೀವೇ ನಿರ್ಧಾರ ಮಾಡಿ ಬರೆದಿಟ್ಕೊಳ್ಳಿ, ಮುಂದೆ ಆ ಸಂಖ್ಯೆ ಒಂದು ಇಡೀ ಅಧ್ಯಾಯ ನಡೆಸತ್ತೆ.

ಇನ್ನು ಗಾಳಿ ಒಳಗೆ ಬರೋ ದಾರಿ. 20 ಟನ್ ಗಾಡಿಗೆ ಸೆಕೆಂಡಿಗೆ 70 ಘನ ಮೀಟರ್ ಮೇಲೆ ಗಾಳಿ ಬೇಕು, ಅಂದ್ರೆ ಮೇಲ್ಗಡೆ ಎರಡೂವರೆ ಚದರ ಮೀಟರ್‌ನಷ್ಟು ತೂತು, ಅದನ್ನ ಕವಚದಿಂದ ಮುಚ್ಚೋಕಾಗಲ್ಲ. ಉಕ್ರೇನ್ ಯುದ್ಧದಲ್ಲಿ ಚಿಕ್ಕ ಡ್ರೋನ್‌ಗಳು ಟ್ಯಾಂಕ್ ತಲೆ ಮೇಲೆ ಗ್ರೆನೇಡ್ ಬಿಡೋದನ್ನ ನಾವೆಲ್ಲ ನೋಡಿದೀವಿ, ಆ ಡ್ರೋನ್‌ಗೆ ಇದಕ್ಕಿಂತ ಒಳ್ಳೆ ಗುರಿ ಇಲ್ಲ. ಜೊತೆಗೆ ರಣ್‌ನ ಉಪ್ಪು ಧೂಳು ಒಳಗೆ ಹೋಗಿ ಟರ್ಬೈನ್ ಬ್ಲೇಡ್ ತಿನ್ನತ್ತೆ, ಹೊರಗೆ ದೊಡ್ಡ ಬಿಳಿ ಮೋಡ ಎಬ್ಬಿಸತ್ತೆ. ಕದ್ದು ಬರೋಕೆ ಇದರಿಂದ ಆಗಲ್ಲ. 1960ರ ದಶಕದ ಕೊನೆಯಲ್ಲಿ ವಿಯೆಟ್ನಾಂನ ಮೆಕಾಂಗ್ ಬಯಲಲ್ಲಿ ಅಮೆರಿಕನ್ನರು ಹೋವರ್‌ಕ್ರಾಫ್ಟ್ ಇಳಿಸಿದಾಗಲೂ ಆ ಗಾಡಿಗಳ ಸದ್ದು ದೂರಕ್ಕೇ ಕೇಳ್ತಿತ್ತು.

ಓಡಿಸೋದು, ನಿಲ್ಲಿಸೋದು. ಇದನ್ನ ಹೆಚ್ಚಿನವರು ಮರೀತಾರೆ. ಪೌಡರ್ ಹಾಕಿದ ಕೇರಂ ಬೋರ್ಡ್ ಮೇಲೆ ಕಾಯಿನ್ ಜಾರೋ ಥರ ಇದಕ್ಕೂ ಹಿಡಿತ ಅನ್ನೋದೇ ಇಲ್ಲ. ಗಂಟೆಗೆ 72 ಕಿ.ಮೀ. ವೇಗದಲ್ಲಿ 100 ಮೀಟರ್ ತ್ರಿಜ್ಯದ ತಿರುವು ತಗೋಬೇಕಂದ್ರೆ ಪಕ್ಕಕ್ಕೆ 8 ಟನ್ ಬಲದಷ್ಟು ತಳ್ಳಬೇಕು, ಹತ್ತು ಮೀಟರ್‌ಗೆ ಒಂದು ಮೀಟರ್ ಏರೋ ಬೇಟ್‌ನ ಇಳಿಜಾರಲ್ಲಿ ಸುಮ್ಮನೆ ನಿಂತಿರೋಕೆ 2 ಟನ್. ನನಗೆ ಇಷ್ಟವಾದ ಪರಿಹಾರ, ಹೊಟ್ಟೆ ಕೆಳಗೆ ಇಳಿಸೋ ನಾಲ್ಕು ಚಕ್ರ. ತೂಕದ ಸ್ವಲ್ಪ ಭಾಗ ಅವುಗಳ ಮೇಲೆ ಬಿಟ್ರೆ ತಿರುಗಿಸೋಕೆ ಬ್ರೇಕ್ ಹಾಕೋಕೆ ಹಿಡಿತ ಸಿಗತ್ತೆ. ನೀರಿನ ಮೇಲೆ ಮಾತ್ರ ಚಕ್ರ ಉಪಯೋಗಕ್ಕೆ ಬರಲ್ಲ, ಅಲ್ಲಿ ಡ್ರೈವರ್ ಒಂದು ಕಿಲೋಮೀಟರ್ ಮುಂಚೆನೇ ತಿರುವಿನ ಬಗ್ಗೆ ಯೋಚಿಸಬೇಕು.

ಈಗ ತೋಪು. 8 ಕೆಜಿ ಗುಂಡು ಸೆಕೆಂಡಿಗೆ 1,700 ಮೀಟರ್ ವೇಗದಲ್ಲಿ ಹೊರಟ್ರೆ 20 ಟನ್ ಗಾಡಿ ಸೆಕೆಂಡಿಗೆ 0.7 ಮೀಟರ್‌ನಂತೆ ಹಿಂದಕ್ಕೆ ಜಾರತ್ತೆ, ಮದ್ದಿನ ಗ್ಯಾಸ್ ಲೆಕ್ಕ ಸೇರಿಸಿದ್ರೆ ಇನ್ನೂ ಜಾಸ್ತಿ, ಪಕ್ಕಕ್ಕೆ ತಿರುಗಿಸಿ ಹೊಡೆದ್ರಂತೂ ವಾಲತ್ತೆ. ರೈಲ್‌ಗನ್ (ಮದ್ದಿನ ಬದಲು ವಿದ್ಯುತ್‌ನಿಂದ ಗುಂಡು ಹಾರಿಸೋ ತೋಪು) ಹಾಕಿದ್ರೆ ಒದೆತ ಇರಲ್ಲ ಅಂತ ಕೆಲವರು ಬರೀತಾರೆ, ಅದು ತಪ್ಪು, ಗುಂಡು ಮುಂದೆ ಹೋದ್ರೆ ಗಾಡಿ ಹಿಂದೆ ಬರಲೇಬೇಕು. ಮಿಸೈಲ್ ಅಥವಾ ಲೇಸರ್ ಆದ್ರೆ ಆ ತೊಂದರೆ ಇಲ್ಲ. ನಾನಾಗಿದ್ರೆ ಹೀಗೆ ಮಾಡ್ತೀನಿ: ಟ್ಯಾಂಕ್ ಓಡುವಾಗ ಸಣ್ಣ ಗನ್ ಮಾತ್ರ, ದೊಡ್ಡ ಹೊಡೆತಕ್ಕೆ ಗಾಳಿ ಬಿಟ್ಟು ನೆಲಕ್ಕೆ ಕೂರಬೇಕು, ಆಗ ನೆಲವೇ ಒದೆತ ತಡ್ಕೊಳತ್ತೆ, ತೇಲೋಕೆ ಹೋಗ್ತಿದ್ದ 1,100 ಎಚ್‌ಪಿ ಪೂರ್ತಿ ಲೇಸರ್‌ಗೋ ರೈಲ್‌ಗನ್‌ಗೋ ತಿರುಗತ್ತೆ. ಕೂತ ಟ್ಯಾಂಕ್ ಮತ್ತೆ ಏಳೋಕೆ ಕೆಲವು ಸೆಕೆಂಡ್ ಬೇಕು. ಕೂರೋದಾ ಓಡೋದಾ ಅಂತ ಕಮಾಂಡರ್ ಪ್ರತಿ ಸಲ ಆರಿಸಬೇಕಾಗತ್ತೆ, ಅದು ನಿಮ್ಮ ಯುದ್ಧದ ದೃಶ್ಯ ಬರೆಸತ್ತೆ.

ಒಂದು ಲಾಭವನ್ನೂ ಹೇಳಲೇಬೇಕು. 20 ಟನ್‌ಗೆ ನೆಲದ ಮೇಲಿನ ಒತ್ತಡ ಚದರ ಸೆಂಟಿಮೀಟರ್‌ಗೆ 0.08 ಕೆಜಿ, ಟಿ-72 ಟ್ಯಾಂಕ್‌ಗೆ ಸುಮಾರು 0.8. 30 ಸೆಂಟಿಮೀಟರ್ ಅಗಲದ ಮೈನ್, ಅಂದ್ರೆ ನೆಲದಲ್ಲಿ ಹೂತಿಟ್ಟ ಬಾಂಬ್ ಮೇಲೆ ನಮ್ಮ ಗಾಡಿ ಹಾದ್ರೆ ಬೀಳೋ ಭಾರ 57 ಕೆಜಿ ಆಸುಪಾಸು, ಒತ್ತಿದ್ರೆ ಸಿಡಿಯೋ ಟ್ಯಾಂಕ್ ಮೈನ್‌ಗೆ ಸಾಮಾನ್ಯವಾಗಿ ಇದರ ಎರಡು ಮೂರು ಪಟ್ಟು ಬೇಕು. ಹಾಗಾಗಿ ಹಳೇ ಮೈನ್‌ಫೀಲ್ಡ್ ಮೇಲೆ ಹಾದು ಹೋಗಬಹುದು, ಚಕ್ರ ಇಳಿಸದೇ ಇದ್ರೆ ಮಾತ್ರ. ಕಬ್ಬಿಣ ಗುರುತು ಹಿಡಿಯೋ ಮೈನ್ ಆದ್ರೆ ಬಿಡಲ್ಲ.

ಕೊನೇ ಹೆಜ್ಜೆ, ಇದೇ ಟ್ಯಾಂಕನ್ನ ಬೇರೆ ಲೋಕಕ್ಕೆ ತಗೊಂಡು ಹೋಗಿ ಅದೇ ಲೆಕ್ಕ ಮತ್ತೆ ಹಾಕಿ. ಮಂಗಳದಲ್ಲಿ ಆಗಲ್ಲ, ಅಲ್ಲಿನ ಗಾಳಿ ಎಷ್ಟು ತೆಳು ಅಂದ್ರೆ ಮೆತ್ತೆಗೆ ಬೇಕಾದ ಒತ್ತಡ ಹೊರಗಿನ ಗಾಳಿಯ ಒತ್ತಡದ ನಾಲ್ಕೈದು ಪಟ್ಟು ಆಗತ್ತೆ, ಮಾಮೂಲಿ ಫ್ಯಾನ್‌ನಿಂದ ಅದು ಸಾಧ್ಯ ಇಲ್ಲ. ಶನಿಯ ಚಂದ್ರ ಟೈಟನ್‌ಗೆ ಹೋಗಿ, ಗುರುತ್ವ ನಮ್ಮ ಏಳನೇ ಒಂದು ಭಾಗ, ಗಾಳಿ ನಮ್ಮದಕ್ಕಿಂತ ನಾಲ್ಕು ಪಟ್ಟಿಗಿಂತ ಹೆಚ್ಚು ದಟ್ಟ, ಅದೇ 20 ಟನ್ ಟ್ಯಾಂಕ್ ತೇಲೋಕೆ ಮೂವತ್ತು ಎಚ್‌ಪಿ ಒಳಗೇ ಸಾಕು! ಆದ್ರೆ ಗಾಳಿಯಲ್ಲಿ ಆಮ್ಲಜನಕ ಇಲ್ಲ, ಇಂಜಿನ್ ಉರಿಯಲ್ಲ, ಮೋಟಾರ್ ಮತ್ತು ಬ್ಯಾಟರಿ ಅಥವಾ ಪರಮಾಣು ಜನರೇಟರ್ ಬೇಕು. ತೋಪಿನ ಒದೆತ ಮಾತ್ರ ಒಂದಿಷ್ಟೂ ಕಡಿಮೆ ಆಗಲ್ಲ, ಯಾಕಂದ್ರೆ ದ್ರವ್ಯರಾಶಿ ಅಷ್ಟೇ ಇದೆ. ಮೈನಸ್ 179 ಡಿಗ್ರಿಯಲ್ಲಿ ರಬ್ಬರ್ ಸ್ಕರ್ಟ್ ಗಾಜಿನಂತೆ ಒಡೆಯತ್ತೆ, ಅದಕ್ಕೆ ಯಾವ ವಸ್ತು ಹಾಕ್ತೀರಿ ಅನ್ನೋದನ್ನ ನೀವೇ ಕಂಡುಹಿಡೀಬೇಕು.