ಎಫ್450 ಕಿಟ್‌ನಿಂದ ಕ್ವಾಡ್‌ಕಾಪ್ಟರ್ ಜೋಡಿಸುವ ಕ್ರಮ

ಕ್ವಾಡ್‌ಕಾಪ್ಟರ್, ಅಂದರೆ ನಾಲ್ಕು ಮೋಟಾರುಗಳ ಡ್ರೋನ್, ಜೋಡಿಸುವ ಹೊಸಬರಿಗೆ ಎಫ್450 ಕಿಟ್ ತಕ್ಕದ್ದು. ಕರ್ಣದ ಎರಡು ತುದಿಗಳ ಮೋಟಾರುಗಳ ನಡುವೆ 450 ಮಿಲಿಮೀಟರ್ ಅಂತರವಿರುವುದರಿಂದ ಕೆಲಸ ಮಾಡಲು ಜಾಗವಿರುತ್ತದೆ. ತೋಳೊಂದು ಮುರಿದರೆ ಅದನ್ನಷ್ಟೇ ಬದಲಿಸಬಹುದು. ಜೋಡಣೆಯ ಉದ್ದಕ್ಕೂ ಪಾಲಿಸಲೇಬೇಕಾದ ನಿಯಮವೊಂದಿದೆ: ಎಲ್ಲ ಪರೀಕ್ಷೆಗಳೂ ಮುಗಿಯುವವರೆಗೆ ಪ್ರೊಪೆಲ್ಲರ್‌ಗಳನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಬಾರದು.

ಚೌಕಟ್ಟಿನ ಕೆಳತಟ್ಟೆಯೇ ವಿದ್ಯುತ್ ಹಂಚುವ ಹಲಗೆಯೂ ಹೌದು. ಮೋಟಾರುಗಳ ವೇಗವನ್ನು ನಿಯಂತ್ರಿಸುವ ನಾಲ್ಕು ಇಎಸ್‌ಸಿಗಳ ಕೆಂಪು ತಂತಿಗಳನ್ನು ಧನ ಗುರುತಿಗೂ ಕಪ್ಪು ತಂತಿಗಳನ್ನು ಋಣ ಗುರುತಿಗೂ ಬೆಸೆದು, ಬ್ಯಾಟರಿಯ ಕನೆಕ್ಟರನ್ನೂ ಇಲ್ಲಿಯೇ ಬೆಸೆಯಬೇಕು. ಅಗಲವಾದ ತಾಮ್ರದ ಪದರವು ಶಾಖವನ್ನು ಬೇಗ ಹೀರಿಕೊಳ್ಳುವುದರಿಂದ ಸಣ್ಣ ಸೋಲ್ಡರಿಂಗ್ ಐರನ್ ಸಾಲದು. ಸೀಸ ಚೆನ್ನಾಗಿ ಕರಗಿ ಹರಡದೆ ಮೇಲೆ ಗುಂಡಗೆ ಕುಳಿತರೆ, ಆ ಬೆಸುಗೆ ಹಾರಾಟದ ಕಂಪನಕ್ಕೆ ಬಿಟ್ಟುಹೋಗುತ್ತದೆ.

ಬೆಸುಗೆ ಮುಗಿದ ಮೇಲೆ ಧನ ಮತ್ತು ಋಣ ತುದಿಗಳನ್ನು, ಸಂಪರ್ಕವಿದ್ದರೆ ಸದ್ದು ಮಾಡುವ ಕಂಟಿನ್ಯುಯಿಟಿ ಸ್ಥಿತಿಯಲ್ಲಿಟ್ಟ ಮಲ್ಟಿಮೀಟರಿನಿಂದ ಪರೀಕ್ಷಿಸಿ. ಕ್ಷಣಕಾಲ ಸದ್ದು ಬಂದು ನಿಂತರೆ ಅದು ಕೆಪಾಸಿಟರ್ ತುಂಬುವ ಲಕ್ಷಣ; ಸದ್ದು ನಿಲ್ಲದಿದ್ದರೆ ಶಾರ್ಟ್ ಆಗಿದೆ. ಇಷ್ಟಕ್ಕೇ ತೃಪ್ತರಾಗದೆ, ಮೊದಲ ಬಾರಿ ಬ್ಯಾಟರಿ ಜೋಡಿಸುವಾಗ ಕಾರಿನ ಇಂಡಿಕೇಟರಿನ 12 ವೋಲ್ಟ್, 21 ವಾಟ್ ಬಲ್ಬನ್ನು ಸರಣಿಯಲ್ಲಿ ಇಡುವುದು ಒಳ್ಳೆಯದು. ಬಲ್ಬು ಪೂರ್ಣವಾಗಿ ಉರಿಯುತ್ತಲೇ ಇದ್ದರೆ ಕೂಡಲೇ ಬ್ಯಾಟರಿ ಬಿಡಿಸಿ. ಕೆಲವೇ ರೂಪಾಯಿಗಳ ಈ ಬಲ್ಬು ಇಡೀ ಕಿಟ್ಟನ್ನು ಉಳಿಸುತ್ತದೆ.

ಮೋಟಾರುಗಳಿಗೆ ಉದ್ದ ಹೆಚ್ಚಿರುವ ಸ್ಕ್ರೂ ಹಾಕಿದರೆ ಅದರ ತುದಿ ಒಳಗಿನ ತಾಮ್ರದ ಸುರುಳಿಗೆ ತಾಗಿ ಮೋಟಾರು ಸುಡುತ್ತದೆ. ಬಿಗಿಯುವ ಮೊದಲು ಉದ್ದವನ್ನು ಅಳೆದು ನೋಡಿ. ಹಾರಾಟವನ್ನು ನಿಯಂತ್ರಿಸುವ ಫ್ಲೈಟ್ ಕಂಟ್ರೋಲರ್ ಹಲಗೆಯನ್ನು ಚೌಕಟ್ಟಿನ ನಡುವೆ, ಬಾಣದ ಗುರುತು ಮುಂದಕ್ಕಿರುವಂತೆ, ಕಂಪನ ತಡೆಯುವ ಫೋಮಿನ ಮೇಲೆ ಅಂಟಿಸಿ.

ಬಹಳ ಜನ ಎಡವುವುದು ಮೋಟಾರುಗಳ ಸಂಖ್ಯೆ ಮತ್ತು ದಿಕ್ಕಿನಲ್ಲಿ. ಫ್ಲೈಟ್ ಕಂಟ್ರೋಲರಿನಲ್ಲಿ ಓಡುವ ಆರ್ಡುಪೈಲಟ್ ತಂತ್ರಾಂಶದಲ್ಲಿ, ತೋಳುಗಳು ಎಕ್ಸ್ ಆಕಾರದಲ್ಲಿರುವ ವಿನ್ಯಾಸಕ್ಕೆ ಮುಂದಿನ ಬಲದ್ದು 1, ಹಿಂದಿನ ಎಡದ್ದು 2. ಇವೆರಡೂ ಅಪ್ರದಕ್ಷಿಣವಾಗಿ ತಿರುಗಬೇಕು. ಮುಂದಿನ ಎಡದ 3 ಮತ್ತು ಹಿಂದಿನ ಬಲದ 4 ಪ್ರದಕ್ಷಿಣವಾಗಿ ತಿರುಗಬೇಕು. ಬೀಟಾಫ್ಲೈಟ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಈ ಸಂಖ್ಯೆಗಳ ಕ್ರಮವೇ ಬೇರೆ, ಆದ್ದರಿಂದ ನಿಮ್ಮ ತಂತ್ರಾಂಶದ ಚಿತ್ರವನ್ನೇ ನೋಡಿ. ದಿಕ್ಕು ತಪ್ಪಿದ್ದರೆ ಮೋಟಾರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಅನಂತರ ಇಎಸ್‌ಸಿ ಮತ್ತು ರೇಡಿಯೋಗಳ ಕ್ಯಾಲಿಬ್ರೇಶನ್ ಮುಗಿಸಿ, ಮೋಟಾರು ಓಡುತ್ತಿರುವಾಗ ಕೈಯಲ್ಲಿರುವ ಟ್ರಾನ್ಸ್‌ಮಿಟರನ್ನು ಆಫ್ ಮಾಡಿ, ರೇಡಿಯೋ ಸಂಪರ್ಕ ಕಡಿದಾಗ ಏನಾಗಬೇಕೆಂದು ನೀವು ಹೊಂದಿಸಿದ ಫೇಲ್‌ಸೇಫ್ ಕೆಲಸ ಮಾಡುವುದನ್ನು ಖಚಿತಪಡಿಸಿಕೊಳ್ಳಿ.

ಈಗ ಪ್ರೊಪೆಲ್ಲರ್‌ಗಳನ್ನು, ಅಕ್ಷರಗಳು ಮೇಲಕ್ಕಿರುವಂತೆ, ಆಯಾ ದಿಕ್ಕಿಗೆ ತಕ್ಕಂತೆ ಹಾಕಿ. ಸುಮಾರು ಒಂದು ಕಿಲೋ ಮೀರುವ ಈ ಕಾಪ್ಟರ್, ಭಾರತದ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂನಿಂದ 2 ಕಿಲೋವರೆಗಿನ ಮೈಕ್ರೋ ವರ್ಗಕ್ಕೆ ಸೇರುತ್ತದೆ. ಹಾರಿಸುವ ಮೊದಲು ನಿಮ್ಮ ಜಾಗ ಮುಂಗಡ ಅನುಮತಿ ಬೇಡದ ಹಸಿರು ವಲಯದಲ್ಲಿದೆಯೇ ಎಂದು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿ. ಮೊದಲ ಹಾರಾಟ ಬಯಲಿನಲ್ಲಿ, ಆಳೆತ್ತರ ಮೀರದಿರಲಿ. ಇಳಿಸಿ ಬ್ಯಾಟರಿ ಬಿಡಿಸಿದ ಮೇಲೆ ನಾಲ್ಕೂ ಮೋಟಾರುಗಳನ್ನು ಮುಟ್ಟಿ ನೋಡಿ. ಒಂದು ಮಾತ್ರ ಹೆಚ್ಚು ಬಿಸಿಯಾಗಿದ್ದರೆ ಅದರ ಸ್ಕ್ರೂ, ಬೇರಿಂಗ್ ಮತ್ತು ತೋಳಿನ ವಾಲುವಿಕೆಯನ್ನು ಪರೀಕ್ಷಿಸದೆ ಮತ್ತೆ ಹಾರಿಸಬೇಡಿ.