ಹೀಟರ್ ಒಡೆದ ರಾತ್ರಿಯ ನಂತರ ನಾನು ಬದಲಿಸಿದ್ದು

ಒಂದು ರಾತ್ರಿ ನನ್ನ 150 ಲೀಟರಿನ ಮೀನಿನ ತೊಟ್ಟಿಯಲ್ಲಿ ಹೀಟರಿನ ಗಾಜು ಸೀಳಿತು. ನೀರನ್ನು ಮನೆಯ ಅರ್ಥಿಂಗ್‌ಗೆ ಜೋಡಿಸುವ ಟೈಟಾನಿಯಂ ಕಡ್ಡಿ, ಅಂದರೆ ಗ್ರೌಂಡಿಂಗ್ ಪ್ರೋಬ್, ತೊಟ್ಟಿಯಲ್ಲಿದ್ದುದರಿಂದ ಸೋರಿದ ವಿದ್ಯುತ್ತು ನೆಲಕ್ಕೆ ದಾರಿ ಕಂಡುಕೊಂಡಿತು, ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಸುರಕ್ಷಾ ಸ್ವಿಚ್ಚಾದ ಆರ್‌ಸಿಸಿಬಿ ಕೂಡಲೇ ಟ್ರಿಪ್ ಆಯಿತು. ಮನೆಯವರಿಗೆ ಅಪಾಯವಾಗಲಿಲ್ಲ. ಆದರೆ ಫಿಲ್ಟರ್ ಮತ್ತು ಏರ್ ಪಂಪ್ ಅದೇ ಲೈನಿನಲ್ಲಿದ್ದುದರಿಂದ ಅವೂ ನಿಂತುಹೋದವು. ಬೆಳಿಗ್ಗೆ ನೋಡಿದಾಗ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಎರಡು ಆಗಲೇ ಸತ್ತಿದ್ದವು. ಆ ದೃಶ್ಯ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಆರ್‌ಸಿಸಿಬಿಯ ರಕ್ಷಣೆಯೇ ಬೇಡವೆಂದು ಫಿಲ್ಟರನ್ನು ಅದರಿಂದ ಹೊರಗಿಡುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಅದೇ ನೀರಿಗೆ ನಾಳೆ ನಮ್ಮ ಮನೆಯ ಮಗುವೂ ಕೈ ಹಾಕಬಹುದು. ಎಲೆಕ್ಟ್ರಿಷಿಯನ್‌ರಿಂದ ಎರಡು ಪ್ರತ್ಯೇಕ ಲೈನ್ ಎಳೆಸಿ, ಎರಡಕ್ಕೂ 30 ಮಿಲಿಆಂಪಿಯರ್ ಸೋರಿಕೆಗೇ ಟ್ರಿಪ್ ಆಗುವ ಬೇರೆ ಬೇರೆ ಆರ್‌ಸಿಸಿಬಿ ಹಾಕಿಸಿದೆ. ಈಗ ಹೀಟರ್ ಮತ್ತು ದೀಪ ಒಂದರಲ್ಲಿ, ಫಿಲ್ಟರ್ ಮತ್ತು ಏರ್ ಪಂಪ್ ಇನ್ನೊಂದರಲ್ಲಿವೆ. ಗ್ರೌಂಡಿಂಗ್ ಪ್ರೋಬನ್ನು ಆರ್‌ಸಿಸಿಬಿ ಇಲ್ಲದ ಮನೆಯಲ್ಲಿ ಬಳಸಬಾರದು; ಹಾಗೆ ಮಾಡಿದರೆ ಸೋರಿಕೆಯ ವಿದ್ಯುತ್ತು ತಡೆಯಿಲ್ಲದೆ ನೀರಿನ ಮೂಲಕ ಹರಿಯುತ್ತಲೇ ಇರುತ್ತದೆ.

ಪ್ಲಗ್‌ಗೆ ಹೋಗುವ ಪ್ರತಿಯೊಂದು ವೈರನ್ನೂ ಸಾಕೆಟ್‌ಗಿಂತ ಕೆಳಗೆ ಬಾಗಿಸಿ ಇಳಿಬಿಟ್ಟಿದ್ದೇನೆ, ಆಗ ವೈರಿನ ಮೇಲೆ ಜಾರಿಬಂದ ಹನಿ ಪ್ಲಗ್‌ ತಲುಪದೆ ಕೆಳಗೆ ಬೀಳುತ್ತದೆ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಟ್ಟು ಕೊಳವೆಗೆ ನಾನ್‌ರಿಟರ್ನ್ ವಾಲ್ವ್ ಜೋಡಿಸಿದೆ. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ನೀರು ಹಿಂದಕ್ಕೆ ಹರಿದು ಪಂಪಿನೊಳಗೆ ಸೇರಬಹುದು.

ಕರೆಂಟ್ ಹೋದಾಗ ಮೊದಲು ಎದುರಾಗುವುದು ಆಮ್ಲಜನಕದ ಕೊರತೆಯೇ ಹೊರತು ಚಳಿಯಲ್ಲ. ನೀರು ಬೆಚ್ಚಗಿದ್ದಷ್ಟೂ ಅದು ಹಿಡಿದಿಡಬಲ್ಲ ಆಮ್ಲಜನಕ ಕಡಿಮೆ, ಆದ್ದರಿಂದ ಬೇಸಿಗೆಯಲ್ಲಿ ಕಾಯುವ ಸಮಯವೇ ಇರುವುದಿಲ್ಲ. ಕರೆಂಟ್ ಹೋದೊಡನೆ ತಾನೇ ಆರಂಭವಾಗುವ ಬ್ಯಾಟರಿ ಏರ್ ಪಂಪನ್ನು ಇದಕ್ಕಾಗಿಯೇ ಇಟ್ಟುಕೊಂಡಿದ್ದೇನೆ. ಮೇಲ್ಮೈಯ ಗಾಳಿಯನ್ನು ನೇರವಾಗಿ ಸೇವಿಸುವ ಬೆಟ್ಟಾ, ಗೌರಾಮಿಗಳು ಸ್ವಲ್ಪ ತಡೆದುಕೊಳ್ಳುತ್ತವೆ. ಆ ಸಮಯದಲ್ಲಿ ಆಹಾರ ಕೊಡುವುದಿಲ್ಲ. ತಿಂದಷ್ಟೂ ಮೀನಿನ ತ್ಯಾಜ್ಯದಿಂದ ಬರುವ ವಿಷಕಾರಿ ಅಮೋನಿಯಾ ಹೆಚ್ಚುತ್ತದೆ, ಅದನ್ನು ಕಡಿಮೆ ಮಾಡಬೇಕಾದ ಫಿಲ್ಟರ್ ನಿಂತಿರುತ್ತದೆ.

ಕರೆಂಟ್ ಬಂದೊಡನೆ ಎಲ್ಲವನ್ನೂ ಚಾಲೂ ಮಾಡುವುದೇ ನಾನು ಕಂಡ ಅತಿ ದೊಡ್ಡ ತಪ್ಪು. ಮುಚ್ಚಿದ ಡಬ್ಬಿಯಂಥ ಕ್ಯಾನಿಸ್ಟರ್ ಫಿಲ್ಟರಿನಲ್ಲಿ ನೀರು ಗಂಟೆಗಟ್ಟಲೆ ನಿಂತರೆ ಆಮ್ಲಜನಕವಿಲ್ಲದೆ ಅಮೋನಿಯಾವನ್ನು ಕಡಿಮೆ ಮಾಡುವ ಅದರೊಳಗಿನ ಉಪಕಾರಿ ಬ್ಯಾಕ್ಟೀರಿಯಾಗಳು ಸಾಯತೊಡಗುತ್ತವೆ, ಆ ಕೊಳೆತ ನೀರು ತೊಟ್ಟಿಗೆ ಬಂದರೆ ಮೀನುಗಳಿಗೆ ವಿಷವಾಗುತ್ತದೆ. ಆದ್ದರಿಂದ ಒಳಗಿನ ನೀರನ್ನು ಚೆಲ್ಲಿ, ಆ ಬ್ಯಾಕ್ಟೀರಿಯಾಗಳು ನೆಲೆಸಿರುವ ಮೀಡಿಯಾವನ್ನು (ಫಿಲ್ಟರಿನೊಳಗಿನ ಸ್ಪಂಜಿನಂಥ ವಸ್ತು) ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ತೊಳೆದು, ಅನಂತರವಷ್ಟೇ ಜೋಡಿಸುತ್ತೇನೆ. ಮುಂದಿನ ಕೆಲವು ದಿನ ಅಮೋನಿಯಾ ಪರೀಕ್ಷಿಸುತ್ತೇನೆ.

ನೀರು ಬದಲಿಸುವಾಗ ಎಲ್ಲ ಪ್ಲಗ್‌ಗಳನ್ನೂ ಕಿತ್ತ ಮೇಲೆಯೇ ಕೈ ಹಾಕುತ್ತೇನೆ. ಹೀಟರನ್ನು ಸುಮಾರು 15 ನಿಮಿಷ ಮೊದಲೇ ಆರಿಸಿ, ತಣ್ಣಗಾದ ಮೇಲೆ ನೀರು ಇಳಿಸುತ್ತೇನೆ, ಏಕೆಂದರೆ ಬಿಸಿ ಗಾಜಿಗೆ ತಣ್ಣೀರು ತಗಲಿದರೆ ಅದು ಸೀಳಬಹುದು. ಪ್ರತಿ ತಿಂಗಳೂ ಎರಡೂ ಆರ್‌ಸಿಸಿಬಿಗಳ ಟೆಸ್ಟ್ ಬಟನ್ ಒತ್ತಿ, ಬ್ಯಾಟರಿ ಪಂಪ್ ತಾನಾಗಿ ಗುಳ್ಳೆ ಬಿಡಲು ತೊಡಗುವವರೆಗೂ ತೊಟ್ಟಿಯ ಪಕ್ಕದಲ್ಲಿ ನಿಂತಿರುತ್ತೇನೆ.